ಪ್ಲಸ್ ಆರ್ ಮೈನಸ್ ಐದು: ಸೋನಿಯ ಅಕಿಯೋ ಮೊರಿಟಾ

ವಾಕ್‌ಮನ್ ಅಂದ್ರೆ ಏನು ಅಂತ ನಮ್ಮ ಫಸ್ಟ್ ಇಯರ್ ಹುಡುಗರನ್ನ ಕೇಳಿದ್ರೆ ಒಂದು ಕ್ಷಣ ಯೋಚನೆ ಮಾಡಬೇಕಾಗುತ್ತೆ. ಅದೇ ಅಪ್ಪನನ್ನೋ ಸೋದರಮಾವನನ್ನೋ ಕೇಳಿ ನೋಡಿ, ತಕ್ಷಣ ಕಣ್ಣರಳಿಸ್ತಾರೆ. ಸೊಂಟಕ್ಕೆ ಸಿಕ್ಕಿಸಿಕೊಂಡು, ಹೆಡ್‌ಫೋನ್ ಹಾಕ್ಕೊಂಡು, ಕ್ಯಾಸೆಟ್ ಕೇಳ್ತಾ ಬಸ್ಸಿನಲ್ಲಿ ಹೋಗೋದು ಆ ಕಾಲದ ದೊಡ್ಡ ಶೋಕಿ. ಅದನ್ನು ಜಗತ್ತಿಗೆ ಮಾರಿದ ಸೋನಿ ಕಂಪನಿಯ ಇಬ್ಬರು ಸ್ಥಾಪಕರಲ್ಲಿ ಒಬ್ಬರು ಅಕಿಯೋ ಮೊರಿಟಾ.

ಅವರ ಬಗ್ಗೆ ಬರೆದಾಗಲೆಲ್ಲ ವಾಕ್‌ಮನ್ ಕಥೆಯೇ ಮುಂದೆ ಬರುತ್ತೆ. ನನಗೆ ಮಾತ್ರ ಅವರ ಇನ್ನೊಂದು ತಲೆನೋವು ಹೆಚ್ಚು ಕುತೂಹಲದ್ದು ಅನ್ಸುತ್ತೆ: ಒಂದು ದೇಶದಲ್ಲಿ ಬೆಳೆದ ಕಂಪನಿ, ಇನ್ನೊಂದು ದೇಶದ ಜನ, ಇಬ್ಬರೂ ಒಂದೇ ಫ್ಯಾಕ್ಟರಿಯಲ್ಲಿ ಕೆಲಸ ಮಾಡೋದು ಹೇಗೆ? ನಮ್ಮಲ್ಲಿ ಪ್ಲೇಸ್‌ಮೆಂಟ್ ಆದ ಅರ್ಧಕ್ಕರ್ಧ ಜನ ಹೋಗೋದು ಬೇರೆ ದೇಶದಲ್ಲಿ ಹೆಡ್ ಆಫೀಸ್ ಇರುವ ಕಂಪನಿಗಳಿಗೇ. ಮೊದಲ ವಾರ ಇಂಡಕ್ಷನ್ ಅಂತ ಕೂರಿಸಿ ಕಲ್ಚರ್, ವ್ಯಾಲ್ಯೂಸ್ ಅಂತ ಸ್ಲೈಡ್ ತೋರಿಸ್ತಾರೆ. ಆ ಸ್ಲೈಡ್‌ಗಳೆಲ್ಲ ಹುಟ್ಟೋ ಮುಂಚೆ ಮೊರಿಟಾ ಮೂವತ್ತು ವರ್ಷ ಇದರ ಜೊತೆ ಒದ್ದಾಡಿದವರು. ಕೆಲವು ಕಡೆ ಗೆದ್ದರು, ಕೆಲವು ಕಡೆ ಚೆನ್ನಾಗಿಯೇ ಪೆಟ್ಟು ತಿಂದರು.

1921ರ ಜನವರಿ 26ರಂದು ನಗೋಯಾದಲ್ಲಿ ಹುಟ್ಟಿದ ಅಕಿಯೋ ಶ್ರೀಮಂತರ ಮನೆ ಮಗ. ಅವರದು ಕೊಸುಗಾಯಾ ಎಂಬ ಹಳ್ಳಿಯಲ್ಲಿ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಸಾಕೆ, ಅಂದ್ರೆ ಅಕ್ಕಿಯ ಮದ್ಯ, ತಯಾರಿಸುತ್ತಿದ್ದ ಮನೆತನ. ಸೋಯಾ ಸಾಸ್, ಮಿಸೊ ವ್ಯಾಪಾರವೂ ಇತ್ತು. ಅಕಿಯೋ ಹದಿನೈದನೇ ತಲೆಮಾರಿನ ಹಿರಿಯ ಮಗ. ಹಿರಿಯ ಮಗ ಅಂದ ಮೇಲೆ ಮುಂದೆ ಏನಾಗಬೇಕು ಅನ್ನೋ ಪ್ರಶ್ನೆಯೇ ಇಲ್ಲ. ಹತ್ತು ಹನ್ನೊಂದು ವರ್ಷದ ಹುಡುಗನಿದ್ದಾಗಲೇ ಅಪ್ಪ ಅವನನ್ನು ಆಫೀಸಿಗೆ ಕರೆದೊಯ್ದು, ಮೀಟಿಂಗ್‌ಗಳಲ್ಲಿ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದರು. ಆದರೆ ಅಮ್ಮನಿಗೆ ಪಾಶ್ಚಾತ್ಯ ಸಂಗೀತದ ಹುಚ್ಚು. ಮನೆಗೆ ಎಲೆಕ್ಟ್ರಿಕ್ ಫೋನೋಗ್ರಾಫ್ ಬಂತು. ಅದೇ ಹಳೆಯ ತಟ್ಟೆಗಳಿಂದ ಇಷ್ಟು ಚೆಂದದ ಸದ್ದು ಬರೋದು ಹೇಗೆ ಅಂತ ಹುಡುಗನಿಗೆ ತಲೆ ಕೆಟ್ಟಿತು. ಪತ್ರಿಕೆ ನೋಡಿ ತಾನೇ ರೇಡಿಯೋ ಕಟ್ಟಿದ. ಸ್ಕೂಲ್ ಮಾರ್ಕ್ಸ್ ಪಾತಾಳಕ್ಕಿಳಿಯಿತು. (ಇಲ್ಲಿವರೆಗೆ ನಮ್ಮ ಇಸಿಇ ಬ್ರಾಂಚಿನ ಬಹಳ ಜನರ ಕಥೆಯೂ ಇದೇ.) ಕೊನೆಗೆ ಹಟ ಹಿಡಿದು ಓದಿ ಒಸಾಕಾ ಇಂಪೀರಿಯಲ್ ಯೂನಿವರ್ಸಿಟಿಯಲ್ಲಿ ಭೌತಶಾಸ್ತ್ರ ಮುಗಿಸಿದ್ದು 1944ರಲ್ಲಿ. ಆಗ ಯುದ್ಧ. ನೌಕಾಪಡೆಯ ಸಂಶೋಧನಾ ಕೆಲಸಕ್ಕೆ ಸೇರಿದಾಗ ಶಾಖ ಹುಡುಕಿಕೊಂಡು ಹೋಗುವ ಆಯುಧದ ಸಮಿತಿಯೊಂದರಲ್ಲಿ ಪರಿಚಯವಾದವರು ಮಸಾರು ಇಬುಕಾ. ಇಬುಕಾ 13 ವರ್ಷ ದೊಡ್ಡವರು, ಆಗಲೇ ಪಳಗಿದ ಇಂಜಿನಿಯರ್.

ಯುದ್ಧ ಮುಗಿದಾಗ ಟೋಕಿಯೋ ಬೂದಿಯಾಗಿತ್ತು. ಬಾಂಬಿಗೆ ಸಿಕ್ಕಿ ಹಾಳಾದ ಒಂದು ಡಿಪಾರ್ಟ್‌ಮೆಂಟ್ ಸ್ಟೋರ್‌ನ ಮೂರನೇ ಮಹಡಿಯಲ್ಲಿ ಇಬುಕಾ ರೇಡಿಯೋ ರಿಪೇರಿ ಶುರು ಮಾಡಿದ್ದರು. ಅಸಾಹಿ ಪತ್ರಿಕೆಯಲ್ಲಿ ಅವರ ಬಗ್ಗೆ ಬಂದ ಸಣ್ಣ ಬರಹ ಓದಿ ಮೊರಿಟಾ ಪತ್ರ ಬರೆದರು, ಭೇಟಿಯಾಯಿತು, ಜೊತೆಗೂಡಿ ಕಂಪನಿ ಮಾಡೋಣ ಅಂತಾಯಿತು. ಸಮಸ್ಯೆ ಮನೆಯಲ್ಲಿ. ಹಿರಿಯ ಮಗ ಮನೆತನದ ವ್ಯಾಪಾರ ಬಿಟ್ಟು ಇನ್ನೊಬ್ಬರ ಕಂಪನಿ ಸೇರೋದು ಅಂದ್ರೆ ಆ ಕಾಲದ ಜಪಾನಿನಲ್ಲಿ ಮಗನನ್ನು ದತ್ತು ಕೊಟ್ಟ ಹಾಗೆ. ಹಾಗಾಗಿ ಇಬುಕಾ ಮತ್ತು ಅವರ ಮಾವ, ಮಾಜಿ ಶಿಕ್ಷಣ ಮಂತ್ರಿ ತಾಮೊನ್ ಮೇದಾ, ರೈಲು ಹತ್ತಿ ಕೊಸುಗಾಯಾಗೆ ಹೋಗಿ ಅಪ್ಪನ ಹತ್ತಿರ ಮಗನನ್ನು ಕೇಳಿದರು. ನಮ್ಮಲ್ಲಿ ಹೆಣ್ಣು ಕೇಳೋಕೆ ಹೋದ ಹಾಗೆ! ಅಪ್ಪ ಒಪ್ಪಿದರು. ಆಮೇಲೆ ದುಡ್ಡಿಗೂ ನೆರವಾದರು, ಸಾಲಕ್ಕೆ ಬದಲಾಗಿ ಷೇರು ಪಡೆದರು.

ಈ ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳಿದ್ದಕ್ಕೆ ಕಾರಣ ಇದೆ. ಕಂಪನಿ ಅಂದ್ರೆ ಇನ್ನೊಂದು ಮನೆ, ಅಲ್ಲಿಗೆ ಸೇರೋದು ಅಂದ್ರೆ ಆ ಮನೆಯವನಾಗೋದು ಅನ್ನೋ ಭಾವನೆ ಮೊರಿಟಾಗೆ ಯಾವ ಮ್ಯಾನೇಜ್‌ಮೆಂಟ್ ಪುಸ್ತಕದಿಂದಲೂ ಬಂದದ್ದಲ್ಲ. ಅವರೇ ಹಾಗೆ ಸೇರಿದವರು. ಮುಂದೆ ಅಮೆರಿಕದಲ್ಲಿ ಅವರು ಎಡವಿದ ಕಲ್ಲು ಕೂಡ ಇದೇ.

1946ರ ಮೇ 7ರಂದು ಟೋಕಿಯೋ ತ್ಸುಶಿನ್ ಕೋಗ್ಯೋ ಎಂಬ ಹೆಸರಿನಲ್ಲಿ ಕಂಪನಿ ಹುಟ್ಟಿತು. ಬಂಡವಾಳ 1,90,000 ಯೆನ್, ಜನ ಸುಮಾರು 20. ಮೊದಲ ಪ್ರಯತ್ನಗಳಲ್ಲಿ ಒಂದು ಎಲೆಕ್ಟ್ರಿಕ್ ರೈಸ್ ಕುಕ್ಕರ್. ಅನ್ನ ಒಂದು ದಿನ ಮುದ್ದೆ, ಒಂದು ದಿನ ಅಕ್ಕಿಕಾಳು. ಅದನ್ನು ಕೈಬಿಟ್ಟರು. 1950ರಲ್ಲಿ ತಂದ ಟೇಪ್ ರೆಕಾರ್ಡರ್ 35 ಕೆಜಿ ತೂಗುತ್ತಿತ್ತು. ಜನ ನೋಡಿ ಖುಷಿಪಟ್ಟರು, ಕೊಳ್ಳಲಿಲ್ಲ. ಒಳ್ಳೆಯ ವಸ್ತು ಮಾಡಿದರೆ ಸಾಲದು, ಯಾರಿಗೆ ಬೇಕು ಅಂತ ಹುಡುಕಬೇಕು ಅನ್ನೋದು ಮೊರಿಟಾಗೆ ತಲೆಗೆ ಹತ್ತಿದ್ದು ಆಗ. ಸ್ಟೆನೋಗ್ರಾಫರ್‌ಗಳ ಕೊರತೆ ಇದ್ದ ಕೋರ್ಟುಗಳಿಗೆ, ಶಾಲೆಗಳಿಗೆ ಮಾರಿ ಉಳಿದುಕೊಂಡರು. ಅಲ್ಲಿಂದ ಭೌತಶಾಸ್ತ್ರದ ಹುಡುಗ ಮಾರಾಟದ ಮನುಷ್ಯನಾದ.

1953ರಲ್ಲಿ ಮೊದಲ ಬಾರಿ ವಿದೇಶಕ್ಕೆ ಹೊರಟರು. ವೆಸ್ಟರ್ನ್ ಎಲೆಕ್ಟ್ರಿಕ್‌ನಿಂದ ಟ್ರಾನ್ಸಿಸ್ಟರ್ ಲೈಸೆನ್ಸ್ ಪಡೆಯೋಕೆ. ಶುಲ್ಕ 25,000 ಡಾಲರ್, ಆಗಿನ ಜಪಾನಿಗೆ ಅದು ಭಾರೀ ಮೊತ್ತ. ಅಮೆರಿಕದ ಅಗಾಧತೆ ನೋಡಿ ದಿಗಿಲಾಯಿತು. ಜರ್ಮನಿಯ ಡ್ಯೂಸೆಲ್ಡಾರ್ಫ್‌ನ ಹೋಟೆಲ್ ಒಂದರಲ್ಲಿ ಐಸ್‌ಕ್ರೀಮ್ ಮೇಲೆ ಪುಟ್ಟ ಕಾಗದದ ಛತ್ರಿ ಸಿಕ್ಕಿಸಿ ಕೊಟ್ಟ ಮಾಣಿ, ಇದು ನಿಮ್ಮ ದೇಶದ್ದೇ ಅಂತ ಪ್ರೀತಿಯಿಂದಲೇ ಹೇಳಿದ. ಜಪಾನ್ ಅಂದ್ರೆ ಜಗತ್ತಿಗೆ ಇಷ್ಟೇನಾ ಅಂತ ಮೊರಿಟಾಗೆ ಕುಟುಕಿತು. ಸಮಾಧಾನ ಸಿಕ್ಕಿದ್ದು ಹಾಲೆಂಡಿನ ಐಂಡ್‌ಹೊವೆನ್‌ನಲ್ಲಿ. ಸೈಕಲ್ ತುಳಿಯುವ ಜನ, ಸುತ್ತ ಹೊಲ, ನಡುವೆ ಫಿಲಿಪ್ಸ್. ಇಷ್ಟು ಸಣ್ಣ ಊರಿನಿಂದ ಇವರಿಗೆ ಸಾಧ್ಯವಾದ್ರೆ ನಮಗ್ಯಾಕೆ ಆಗಲ್ಲ ಅನ್ನೋ ಧೈರ್ಯ ಹುಟ್ಟಿತು.

1955ರಲ್ಲಿ ಜಪಾನಿನ ಮೊದಲ ಟ್ರಾನ್ಸಿಸ್ಟರ್ ರೇಡಿಯೋ ಟಿಆರ್-55 ಬಂತು. ಸದ್ದಿಗೂ ಮಗನಿಗೂ ಸಂಬಂಧಪಟ್ಟ ಎರಡು ಪದಗಳನ್ನು ಕಲಸಿ ಸೋನಿ ಅಂತ ಹೆಸರಿಟ್ಟರು. ಎನ್ ಅಕ್ಷರ ಎರಡಿದ್ದರೆ ಜಪಾನಿಯರು ಅದನ್ನು ಸೊನ್-ನಿ ಅಂತ ಓದುತ್ತಾರೆ, ಅದಕ್ಕೆ ನಷ್ಟ ಎಂಬರ್ಥ ಬರುತ್ತೆ, ಹಾಗಾಗಿ ಒಂದು ಎನ್ ಕಿತ್ತುಹಾಕಿದರು. ಬುಲೋವಾ ಎಂಬ ಗಡಿಯಾರ ಕಂಪನಿ ಒಂದು ಲಕ್ಷ ರೇಡಿಯೋಗೆ ಆರ್ಡರ್ ಕೊಡೋಕೆ ಬಂತು. ಷರತ್ತು ಒಂದೇ: ಮೇಲೆ ಬುಲೋವಾ ಹೆಸರಿರಬೇಕು. ಟೋಕಿಯೋದಿಂದ ಒಪ್ಪಿಕೋ ಅಂತ ಸಂದೇಶ ಬಂದರೂ ಮೊರಿಟಾ ಒಪ್ಪಲಿಲ್ಲ.

ಇನ್ನೊಂದು ಆರ್ಡರ್ ಕಥೆ ನಮ್ಮ ಇಂಜಿನಿಯರಿಂಗ್ ಎಕನಾಮಿಕ್ಸ್ ಪುಸ್ತಕದಲ್ಲಿ ಇರಬೇಕಿತ್ತು. ನೂರೈವತ್ತರಷ್ಟು ಅಂಗಡಿಗಳಿದ್ದ ಒಬ್ಬ ಅಮೆರಿಕನ್ ಖರೀದಿದಾರ 5,000, 10,000, 30,000, 50,000, 1,00,000 ರೇಡಿಯೋಗಳಿಗೆ ಬೆಲೆ ಹೇಳಿ ಅಂದ. ಹೆಚ್ಚು ಕೊಂಡರೆ ಕಡಿಮೆ ಬೆಲೆ, ಅದು ಎಲ್ಲರಿಗೂ ಗೊತ್ತಿರೋ ನಿಯಮ. ಮೊರಿಟಾ ಕೊಟ್ಟ ಪಟ್ಟಿಯ ಗ್ರಾಫ್ ಯು ಆಕಾರದ್ದು. 10,000ಕ್ಕೆ ಎಲ್ಲಕ್ಕಿಂತ ಕಡಿಮೆ, ಆಮೇಲೆ ಏರುತ್ತಾ ಹೋಗಿ 50,000ಕ್ಕೆ ಬರುವಷ್ಟರಲ್ಲಿ 5,000ದ ಬೆಲೆಯನ್ನೂ ದಾಟುತ್ತೆ, ಲಕ್ಷಕ್ಕೆ ಇನ್ನೂ ಜಾಸ್ತಿ! ಖರೀದಿದಾರ ಇವನಿಗೆ ತಲೆ ಸರಿಯಿಲ್ಲ ಅಂದುಕೊಂಡಿರಬೇಕು. ಮೊರಿಟಾ ಲೆಕ್ಕ ಸರಳ. ಲಕ್ಷ ರೇಡಿಯೋ ಮಾಡಬೇಕಂದ್ರೆ ಹೊಸ ಕಟ್ಟಡ, ಹೊಸ ಯಂತ್ರ, ಹೊಸ ಜನ ಬೇಕು. ಮುಂದಿನ ವರ್ಷ ಅವನು ಮತ್ತೆ ಲಕ್ಷ ಕೊಳ್ಳದಿದ್ದರೆ? ಅಮೆರಿಕದಲ್ಲಾದರೆ ಜನರನ್ನು ಕಳಿಸಿಬಿಡಬಹುದು. ಜಪಾನಿನಲ್ಲಿ ಒಮ್ಮೆ ಸೇರಿಸಿಕೊಂಡವರನ್ನು ಹಾಗೆ ಬಿಡೋಕಾಗಲ್ಲ. ಆ ಅಪಾಯದ ಖರ್ಚನ್ನೂ ಬೆಲೆಗೆ ಸೇರಿಸಲೇಬೇಕು. ಕೊನೆಗೆ ಅವನು 10,000 ಕೊಂಡ. ಕಂಪನಿ ಸಂಸ್ಕೃತಿ ಅನ್ನೋದು ಗೋಡೆ ಮೇಲಿನ ಪೋಸ್ಟರ್ ಅಂದುಕೊಂಡವರು ಈ ಗ್ರಾಫನ್ನೊಮ್ಮೆ ನೋಡಬೇಕು. ಅದು ನೇರವಾಗಿ ಕೊಟೇಶನ್‌ನಲ್ಲೇ ಕಾಣಿಸಿಕೊಂಡಿದೆ.

ಹಾಗಂತ ಜಪಾನಿನಲ್ಲಿ ಎಲ್ಲ ಸಾಮರಸ್ಯ, ಎಲ್ಲ ಒಂದೇ ಕುಟುಂಬ ಅಂತ ನಂಬಬೇಕಾಗಿಲ್ಲ. 1961ರ ಮೇ 7, ಕಂಪನಿಯ 15ನೇ ವಾರ್ಷಿಕೋತ್ಸವದ ದಿನವೇ ಕಾರ್ಮಿಕ ಸಂಘ ಮುಷ್ಕರ ಹೂಡಿ ಕಟ್ಟಡವನ್ನು ಸುತ್ತುವರಿಯಿತು. ಪ್ರಧಾನಿ ಹಯಾತೊ ಇಕೆದಾ ಅತಿಥಿ. ಮೊರಿಟಾ ಗುಟ್ಟಾಗಿ ಸಮಾರಂಭವನ್ನೇ ಹತ್ತಿರದ ಹೋಟೆಲಿಗೆ ಸಾಗಿಸಿ ಮರ್ಯಾದೆ ಉಳಿಸಿಕೊಂಡರು. ಟ್ರಾನ್ಸಿಸ್ಟರ್ ಜೋಡಣೆ ಮಾಡುತ್ತಿದ್ದವರು ಹೆಚ್ಚಾಗಿ ಹಳ್ಳಿಗಳಿಂದ ಬಂದು ಡಾರ್ಮಿಟರಿಯಲ್ಲಿದ್ದ ಎಳೆಯ ಹುಡುಗಿಯರು. ಜೀವನಪೂರ್ತಿ ಕೆಲಸ ಅನ್ನೋ ಮಾತು ಅವರಿಗೆ ಅಷ್ಟಾಗಿ ಅನ್ವಯಿಸುತ್ತಿರಲಿಲ್ಲ. ಮದುವೆಯಾದರೆ ಕೆಲಸ ಬಿಡಬೇಕು ಅನ್ನೋದು ಆಗಿನ ಜಪಾನಿನ ಸಾಮಾನ್ಯ ನಿರೀಕ್ಷೆ. ಮೊರಿಟಾ ತಮ್ಮ ಆತ್ಮಕಥೆ ಮೇಡ್ ಇನ್ ಜಪಾನ್‌ನಲ್ಲಿ ಕುಟುಂಬ ಕುಟುಂಬ ಅಂತ ಬರೆಯುವಾಗ ಈ ಭಾಗವನ್ನು ಸ್ವಲ್ಪ ತೇಲಿಸಿಬಿಟ್ಟಿದ್ದಾರೆ ಅನ್ನೋದು ನನ್ನ ಅನಿಸಿಕೆ. ಆದರೆ ಇನ್ನೊಂದು ವಿಷಯದಲ್ಲಿ ಅವರು ತಮ್ಮ ದೇಶಕ್ಕಿಂತ ಮುಂದಿದ್ದರು. ಜಪಾನಿನಲ್ಲಿ ಯಾವ ಯೂನಿವರ್ಸಿಟಿ ಅನ್ನೋದು ಬದುಕನ್ನೇ ನಿರ್ಧರಿಸುತ್ತಿದ್ದ ಕಾಲದಲ್ಲಿ, 1966ರಲ್ಲಿ, ಓದಿದ ಕಾಲೇಜಿನ ಹೆಸರಿಗೆ ಬೆಲೆ ಕೊಡಬೇಡಿ ಅಂತ ಒಂದು ಪುಸ್ತಕವನ್ನೇ ಬರೆದರು. ಟಯರ್ ಒನ್, ಟಯರ್ ಟೂ ಅಂತ ತಲೆಬಿಸಿ ಮಾಡ್ಕೊಳ್ಳೋರು ಗಮನಿಸಿ.

1960ರಲ್ಲಿ ಸೋನಿ ಕಾರ್ಪೊರೇಷನ್ ಆಫ್ ಅಮೆರಿಕ ಶುರುವಾಯಿತು. 1961ರಲ್ಲಿ ಅಮೆರಿಕದ ಮಾರುಕಟ್ಟೆಯಲ್ಲಿ ಷೇರು ಮಾರಿದ ಮೊದಲ ಜಪಾನಿ ಕಂಪನಿಯಾಯಿತು. 1962ರಲ್ಲಿ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಶೋರೂಮ್. ಆದರೂ ಮೊರಿಟಾಗೆ ಒಂದು ಕೊರತೆ ಕಾಡುತ್ತಿತ್ತು. ತಿಂಗಳಿಗೊಮ್ಮೆ ವಿಮಾನದಲ್ಲಿ ಬಂದು ಹೋಗುವವನಿಗೆ ಜನ ಮನೆಯಲ್ಲಿ ಹೇಗೆ ಬದುಕ್ತಾರೆ ಅಂತ ಗೊತ್ತಾಗಲ್ಲ. ಹಾಗಾಗಿ 1963ರಲ್ಲಿ ಹೆಂಡತಿ ಯೋಶಿಕೊ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು, ಎಲ್ಲರನ್ನೂ ಕಟ್ಟಿಕೊಂಡು ನ್ಯೂಯಾರ್ಕಿಗೆ ಮನೆ ಬದಲಾಯಿಸಿದರು. ಮೆಟ್ರೊಪಾಲಿಟನ್ ಮ್ಯೂಸಿಯಂ ಎದುರು, ವಯಲಿನ್ ವಾದಕ ನೇಥನ್ ಮಿಲ್‌ಸ್ಟೀನ್ ಅವರ ಅಪಾರ್ಟ್‌ಮೆಂಟ್ ಬಾಡಿಗೆಗೆ ಸಿಕ್ಕಿತು. ಮಕ್ಕಳಿಗೆ ಇಂಗ್ಲಿಷ್ ಬರಲ್ಲ. ಹಾಗಿದ್ದೂ ಅಮೆರಿಕನ್ ಶಾಲೆಗೇ ಸೇರಿಸಿದರು. ಹುಡುಗರನ್ನು ಬೇಸಿಗೆಯಲ್ಲಿ ಮೇನ್ ರಾಜ್ಯದ ಕ್ಯಾಂಪಿಗೆ ಕಳಿಸಿದರು, ಅಲ್ಲಿ ಜಪಾನಿ ಮಾತಾಡೋಕೆ ಬೇರೆ ಯಾರೂ ಇಲ್ಲ. ಯೋಶಿಕೊ ಮುರುಕು ಇಂಗ್ಲಿಷಿನಲ್ಲೇ ಮನೆಗೆ ಜನರನ್ನು ಕರೆದು ಊಟ ಹಾಕಿದರು, ಆ ಅನುಭವದ ಮೇಲೆ ಮುಂದೆ ಜಪಾನಿನಲ್ಲಿ ಒಂದು ಪುಸ್ತಕವನ್ನೂ ಬರೆದರು.

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಅಂತ ನಮ್ಮಲ್ಲಿ ಗಾದೆ. ನೀರಿಗೆ ಬರುವ ಕಷ್ಟ ಎಲ್ಲ ಆ ಮಕ್ಕಳಿಗೂ ಹೆಂಡತಿಗೂ ಬಿತ್ತು ಅನ್ನೋದು ಬೇರೆ ಮಾತು. ಆದರೆ ಕಂಪನಿಯ ಬಾಸ್ ಸ್ವತಃ ಪರಕೀಯನಾಗಿ ಬದುಕಿ ನೋಡಿದ್ದು ವ್ಯರ್ಥವಾಗಲಿಲ್ಲ. ಹೊಸ ಜಾಗಕ್ಕೆ ಹೊಂದಿಕೊಳ್ಳಿ ಅಂತ ನೌಕರರಿಗೆ ಹೇಳುವ ಮುಂಚೆ ಅದು ಏನು ಅಂತ ಅವರಿಗೆ ಗೊತ್ತಿತ್ತು. ವರ್ಷ ಕಳೆದ ಸ್ವಲ್ಪದರಲ್ಲೇ, 1964ರಲ್ಲಿ, ತಂದೆ ತೀರಿಕೊಂಡಾಗ ಕುಟುಂಬ ಜಪಾನಿಗೆ ಮರಳಬೇಕಾಯಿತು.

ಅಮೆರಿಕದ ಆಫೀಸಿನಲ್ಲಿ ಅವರಿಗೆ ಬಿದ್ದ ಮೊದಲ ಏಟುಗಳು ಎರಡು. ಒಬ್ಬ ನೌಕರ ಸರಿಯಾಗಿ ಕೆಲಸ ಮಾಡ್ತಿರಲಿಲ್ಲ. ಏನು ಮಾಡೋದು ಅಂತ ಮೊರಿಟಾ ಅಮೆರಿಕನ್ ಸಹೋದ್ಯೋಗಿಯನ್ನು ಕೇಳಿದರು. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ: ತೆಗೆದುಹಾಕಿ, ಅಷ್ಟೇ. ಮೊರಿಟಾಗೆ ಇದು ಮ್ಯಾನೇಜರ್‌ಗಳ ಸ್ವರ್ಗ ಅನ್ನಿಸಿತು. ಕೆಲವು ತಿಂಗಳಲ್ಲಿ ಸ್ವರ್ಗದ ಇನ್ನೊಂದು ಬಾಗಿಲೂ ತೆರೆಯಿತು. ಬಹಳ ನಂಬಿಕೊಂಡಿದ್ದ ಮಾರಾಟ ವಿಭಾಗದ ಒಬ್ಬ ಮ್ಯಾನೇಜರ್ ಬಂದು, ಪ್ರತಿಸ್ಪರ್ಧಿ ಕಂಪನಿ ಹೆಚ್ಚು ಸಂಬಳ ಕೊಡ್ತಿದೆ, ಹೋಗ್ತಿದ್ದೀನಿ ಅಂದ. ಸೋನಿಯ ಒಳಗುಟ್ಟೆಲ್ಲ ಅವನಿಗೆ ಗೊತ್ತು. ಅದಕ್ಕಿಂತ ಆಶ್ಚರ್ಯ ಆಮೇಲೆ: ಶಿಕಾಗೋದ ಎಲೆಕ್ಟ್ರಾನಿಕ್ಸ್ ಪ್ರದರ್ಶನದಲ್ಲಿ ಆ ಕಂಪನಿಯ ಮಳಿಗೆಯಿಂದಲೇ ನಗುನಗುತ್ತಾ ಓಡಿ ಬಂದು ಮಾತಾಡಿಸಿದ. ಅವನ ಮನಸ್ಸಿನಲ್ಲಿ ತಪ್ಪು ಮಾಡಿದ ಭಾವನೆಯೇ ಇರಲಿಲ್ಲ. ಮೊರಿಟಾ ಕಣ್ಣಿಗೆ ದ್ರೋಹವಾಗಿ ಕಂಡದ್ದು ಅವನ ಕಣ್ಣಿಗೆ ಕೆಲಸ ಬದಲಾಯಿಸಿದ್ದು. ತೆಗೆದುಹಾಕುವ ಹಕ್ಕೂ ಬಿಟ್ಟುಹೋಗುವ ಹಕ್ಕೂ ಒಂದೇ ನಾಣ್ಯದ್ದು, ಒಂದು ಮುಖ ಮಾತ್ರ ಇಟ್ಟುಕೊಳ್ಳೋಕಾಗಲ್ಲ ಅಂತ ಅವರಿಗೆ ಅರಿವಾಯಿತು.

ಈಗ ಶೀರ್ಷಿಕೆಯ ವಿಷಯಕ್ಕೆ ಬರೋಣ. 1972ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಸೋನಿ ಟ್ರಿನಿಟ್ರಾನ್ ಕಲರ್ ಟಿವಿ ಫ್ಯಾಕ್ಟರಿ ತೆರೆಯಿತು. ಅದೇ ಡ್ರಾಯಿಂಗ್, ಅದೇ ವಿನ್ಯಾಸ, ಅದೇ ಟಾಲರೆನ್ಸ್. ಆದರೂ ಜಪಾನಿನಲ್ಲಿ ತಯಾರಾದ ಸೆಟ್‌ಗಳೇ ಚೆನ್ನಾಗಿವೆ ಅಂತ ಗ್ರಾಹಕರು ಹೇಳತೊಡಗಿದರು. 1979ರಲ್ಲಿ ಅಸಾಹಿ ಪತ್ರಿಕೆಯಲ್ಲಿ ಬಂದ ಹೋಲಿಕೆ ಮುಂದೆ ಗೆನಿಚಿ ಟಾಗುಚಿ ಅವರ ಕೈಗೆ ಸಿಕ್ಕಿ, ಇವತ್ತು ಕ್ವಾಲಿಟಿ ಇಂಜಿನಿಯರಿಂಗ್ ಪಾಠಗಳಲ್ಲಿ ತಪ್ಪದೆ ಬರುವ ಉದಾಹರಣೆಯಾಗಿದೆ. ಅಳೆದದ್ದು ಟಿವಿಯ ಬಣ್ಣದ ಸಾಂದ್ರತೆ. ಗುರಿ ಎಂ, ಟಾಲರೆನ್ಸ್ ಪ್ಲಸ್ ಆರ್ ಮೈನಸ್ 5. ಸ್ಯಾನ್ ಡಿಯಾಗೋ ಸೆಟ್‌ಗಳಲ್ಲಿ ಮಿತಿ ಮೀರಿದ್ದು ಒಂದೂ ಇಲ್ಲ ಅನ್ನಬಹುದು. ಜಪಾನಿನದರಲ್ಲಿ ಸಾವಿರಕ್ಕೆ ಸುಮಾರು 3 ಮಿತಿಯಾಚೆ! ಬರೀ ಪಾಸು-ಫೇಲು ನೋಡಿದರೆ ಅಮೆರಿಕವೇ ಗೆದ್ದಿದೆ. ಆದರೆ ಹಂಚಿಕೆ ನೋಡಿ. ಜಪಾನಿನದು ಗಂಟೆಯಾಕಾರದ ನಾರ್ಮಲ್ ಕರ್ವ್, ಬಹುಪಾಲು ಸೆಟ್‌ಗಳು ಗುರಿಯ ಸುತ್ತಲೇ. ಅಮೆರಿಕದ್ದು ಚಪ್ಪಟೆ, ಮಿತಿಯ ಒಳಗೆ ಎಲ್ಲ ಕಡೆ ಸಮನಾಗಿ ಹರಡಿದೆ. ಲೆಕ್ಕ ಹಾಕಿ: ನಾರ್ಮಲ್ ಆದರೆ ಸ್ಟ್ಯಾಂಡರ್ಡ್ ಡೀವಿಯೇಶನ್ 10 ಭಾಗಿಸು 6, ಅಂದ್ರೆ 1.67. ಯೂನಿಫಾರ್ಮ್ ಆದರೆ 10 ಭಾಗಿಸು 12ರ ವರ್ಗಮೂಲ, ಅಂದ್ರೆ 2.89. ಪ್ರೋಸೆಸ್ ಕೇಪಬಿಲಿಟಿ ಒಂದು ಕಡೆ 1, ಇನ್ನೊಂದು ಕಡೆ 0.58. ಗುರಿಯಿಂದ 4.9 ದೂರದ ಸೆಟ್ ಪಾಸು, 5.1 ದೂರದ್ದು ಫೇಲು ಅನ್ನೋದು ಇನ್‌ಸ್ಪೆಕ್ಟರ್‌ಗೆ ಮಾತ್ರ ಅರ್ಥವಾಗುವ ವ್ಯತ್ಯಾಸ, ಮನೆಯಲ್ಲಿ ಟಿವಿ ನೋಡೋರಿಗೆ ಎರಡೂ ಒಂದೇ ಥರ ಕೆಟ್ಟವು. ಗುರಿಯಿಂದ ದೂರ ಸರಿದಷ್ಟೂ ನಷ್ಟ ದೂರದ ವರ್ಗಕ್ಕೆ ತಕ್ಕಂತೆ ಏರುತ್ತೆ ಅನ್ನೋದು ಟಾಗುಚಿ ಲಾಸ್ ಫಂಕ್ಷನ್.

ಇದನ್ನು ಮೊರಿಟಾ ಹೇಗೆ ನೋಡಿದರು ಅನ್ನೋದು ಮುಖ್ಯ. ಅಮೆರಿಕನ್ನರು ಸೋಮಾರಿಗಳು ಅಂತ ತೀರ್ಪು ಕೊಟ್ಟು ಕೂರೋದು ಸುಲಭವಿತ್ತು, ಆಗಿನ ಅನೇಕ ಜಪಾನಿಯರು ಕೊಟ್ಟರು ಕೂಡ. ಮೊರಿಟಾ ಕಂಡುಕೊಂಡದ್ದು ಬೇರೆ. ಜಪಾನಿ ಕೆಲಸಗಾರನಿಗೆ ಪ್ಲಸ್ ಆರ್ ಮೈನಸ್ 5 ಅಂದ್ರೆ ಸೊನ್ನೆಗೆ ಎಷ್ಟು ಹತ್ತಿರ ಆಗುತ್ತೋ ಅಷ್ಟು ಹೋಗು, ತೀರಾ ಆಗದಿದ್ರೆ 5ರವರೆಗೆ ಪರವಾಗಿಲ್ಲ ಅಂತ ಅರ್ಥ. ಅದು ಯಾವ ಡ್ರಾಯಿಂಗಿನಲ್ಲೂ ಬರೆದಿರಲಿಲ್ಲ, ವರ್ಷಗಟ್ಟಲೆ ಜೊತೆಗಿದ್ದು ಕಲಿತದ್ದು. ಅಮೆರಿಕನ್ ಕೆಲಸಗಾರ ಬರೆದದ್ದನ್ನು ಬರೆದ ಹಾಗೇ ಓದಿದ. 5 ಅಂದ್ರೆ 5. ಹಾಗಾದ್ರೆ ತಪ್ಪು ಯಾರದು? ಬರೆದವರದು. ಅಮೆರಿಕಕ್ಕೆ ಕಳಿಸುವ ಸ್ಪೆಸಿಫಿಕೇಶನ್ ತಿದ್ದಿ ಪ್ಲಸ್ ಆರ್ ಮೈನಸ್ 2 ಅಂತ ಬರೆದರು. ಕೆಲಸಗಾರರು 2ರ ಒಳಗೆ ಮಾಡಿಕೊಟ್ಟರು. ಕೆಲವೇ ವರ್ಷಗಳಲ್ಲಿ ಸ್ಯಾನ್ ಡಿಯಾಗೋ ಸೆಟ್‌ಗಳ ಗುಣಮಟ್ಟ ಜಪಾನಿನದಕ್ಕೆ ಸರಿಸಾಟಿಯಾಯಿತು. ನಾವು ಸಂಸ್ಕೃತಿ, ಮನೋಭಾವ ಅಂತ ದೊಡ್ಡ ದೊಡ್ಡ ಮಾತಾಡೋ ಎಷ್ಟೋ ಕಡೆ ಸಮಸ್ಯೆ ಹೀಗೆ ಬಾಯಿಬಿಟ್ಟು ಹೇಳದೇ ಉಳಿದ ಒಂದು ಸಾಲಿನದ್ದಾಗಿರುತ್ತೆ. ಬಿಡದಿಯ ಟೊಯೋಟಾಗೋ ಬೇರೆ ಜಪಾನಿ ಕಾರ್ಖಾನೆಗೋ ಇಂಡಸ್ಟ್ರಿಯಲ್ ವಿಸಿಟ್ ಹೋದಾಗ ಲೈನಿನ ಪಕ್ಕ ಪ್ರತಿಯೊಂದು ಹೆಜ್ಜೆಯನ್ನೂ ಚಿತ್ರ ಸಮೇತ ಬರೆದು ಹಾಕಿರೋದನ್ನ ನೋಡಿದವರಿಗೆ ಇದು ಬೇಗ ಹೊಳೆಯುತ್ತೆ.

ಸ್ಯಾನ್ ಡಿಯಾಗೋ ತೆರೆದ ಮರುವರ್ಷವೇ ಅರಬ್ ದೇಶಗಳ ತೈಲ ನಿರ್ಬಂಧ. ಮಾರಾಟ ಕುಸಿಯಿತು, ಸ್ಥಳೀಯ ಮ್ಯಾನೇಜರ್‌ಗಳು ಲೇಆಫ್ ಒಂದೇ ದಾರಿ ಅಂದರು. ಮೊರಿಟಾ ಬೇಡ ಅಂದರು. ದುಡ್ಡು ಟೋಕಿಯೋದಿಂದ ಬಂತು, ಟಿವಿ ಮಾಡೋ ಕೆಲಸ ಇಲ್ಲದ ಹೊತ್ತಿನಲ್ಲಿ ಜನರಿಗೆ ತರಬೇತಿ ಕೊಟ್ಟರು. ಲಾಭನಷ್ಟದ ಪಟ್ಟಿಯಲ್ಲಿ ಇದು ದಡ್ಡತನವೇ. ಆದರೆ ಈ ಕಂಪನಿ ಹೇಳೋದನ್ನ ಮಾಡುತ್ತೆ ಅಂತ ಅಲ್ಲಿನ ಕೆಲಸಗಾರರು ನಂಬಿದ್ದು ಯಾವ ಇಂಡಕ್ಷನ್‌ನಿಂದಲೂ ಅಲ್ಲ, ಇದರಿಂದ.

ಶಾಪ್ ಫ್ಲೋರಿನಲ್ಲಿ ಸಾಧ್ಯವಾದದ್ದು ಮೇಲಿನ ಮಹಡಿಯಲ್ಲಿ ಅಷ್ಟು ಸುಲಭವಾಗಲಿಲ್ಲ. 1972ರಲ್ಲಿ ಸೋನಿ ಅಮೆರಿಕದ ಮುಖ್ಯಸ್ಥರಾಗಿ ಬಂದವರು ಹಾರ್ವೆ ಶೈನ್, ಸಿಬಿಎಸ್‌ನಲ್ಲಿ ಪಳಗಿದ ಖಡಕ್ ಮನುಷ್ಯ. ಪ್ರತಿ ವರ್ಷ ಲಾಭ ತೋರಿಸಬೇಕು ಅನ್ನೋದು ಅವರ ಧರ್ಮ, ಅದನ್ನವರು ತೋರಿಸಿದರು ಕೂಡ. ಬೀಟಾಮ್ಯಾಕ್ಸ್ ವಿಡಿಯೋ ರೆಕಾರ್ಡರ್ ಬಂದಾಗ ಜಾಹೀರಾತಿಗೆ ಭರ್ಜರಿ ಖರ್ಚು ಮಾಡಿ ಅಂತ ಮೊರಿಟಾ, ಈ ವರ್ಷದ ಲೆಕ್ಕ ಕೆಡುತ್ತೆ ಅಂತ ಶೈನ್. ಟೋಕಿಯೋದಲ್ಲಿ ಒಂದು ಮೀಟಿಂಗಿನಲ್ಲಿ ಯಾರೂ ಎದುರಾಡದಿದ್ದರೆ ಅದು ಒಪ್ಪಿಗೆಯೋ ಅಸಮ್ಮತಿಯೋ ಅಂತ ತಿಳಿಯೋಕೆ ವರ್ಷಗಳು ಬೇಕು. ಶೈನ್ ಮಾತ್ರ ಅನ್ನಿಸಿದ್ದನ್ನು ಮೇಜು ಕುಟ್ಟಿ ಹೇಳೋರು. ಐದಾರು ವರ್ಷದಲ್ಲಿ ಸಂಬಂಧ ಹಳಸಿತು, ಅವರು ಹೊರನಡೆದರು. ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಿದ್ದರು. ಒಬ್ಬರು ಮೂರು ತಿಂಗಳಿಗೊಮ್ಮೆ ಎಣಿಸುತ್ತಿದ್ದರು, ಇನ್ನೊಬ್ಬರು ಹತ್ತು ವರ್ಷಕ್ಕೊಮ್ಮೆ. ಇಂಥದ್ದನ್ನು ಪ್ಲಸ್ 5ರಿಂದ 2ಕ್ಕೆ ತಿದ್ದಿ ಸರಿಮಾಡೋಕೆ ಆಗಲ್ಲ.

ಬ್ರಿಟನ್ನಿನ ಕಥೆ ಸ್ವಲ್ಪ ತಮಾಷೆಯಾಗಿ ಶುರುವಾಯಿತು. 1970ರ ಎಕ್ಸ್‌ಪೋಗೆ ಬಂದಿದ್ದ ರಾಜಕುಮಾರ ಚಾರ್ಲ್ಸ್, ಮುಂದೆ ನಮ್ಮಲ್ಲಿ ಫ್ಯಾಕ್ಟರಿ ಹಾಕೋದಾದರೆ ನನ್ನ ವೇಲ್ಸನ್ನು ಮರೀಬೇಡಿ ಅನ್ನೋ ಅರ್ಥದಲ್ಲಿ ಮೊರಿಟಾಗೆ ಹೇಳಿದ್ದರು. 1974ರಲ್ಲಿ ಕಲ್ಲಿದ್ದಲು ಮತ್ತು ಉಕ್ಕಿನ ಸೀಮೆಯಾದ ವೇಲ್ಸ್‌ನ ಬ್ರಿಡ್ಜೆಂಡ್‌ನಲ್ಲಿ ಟಿವಿ ಫ್ಯಾಕ್ಟರಿ ಶುರುವಾದಾಗ ಉದ್ಘಾಟನೆಗೂ ಚಾರ್ಲ್ಸೇ ಬಂದರು. ಸಾಹೇಬರಿಗೊಂದು ಊಟದ ಕೋಣೆ, ಕೆಲಸಗಾರರಿಗೊಂದು ಅನ್ನೋದು ಅಭ್ಯಾಸವಾಗಿದ್ದ ನಾಡಿಗೆ, ಎಲ್ಲರಿಗೂ ಒಂದೇ ಕ್ಯಾಂಟೀನ್ ಅನ್ನೋ ಸೋನಿಯ ಪದ್ಧತಿ ಹೊಸದಾಗಿತ್ತು.

ಅಷ್ಟರಲ್ಲಿ 1979ರ ಜುಲೈ 1ಕ್ಕೆ ವಾಕ್‌ಮನ್ ಬಂತು, ಬೆಲೆ 33,000 ಯೆನ್. ಇಲ್ಲೂ ಒಂದು ಸಣ್ಣ ಪಾಠ. ಇಂಗ್ಲಿಷ್ ಬಲ್ಲವರು ಇದೆಂಥಾ ವ್ಯಾಕರಣ ಅಂತ ಮೂಗು ಮುರಿದು ಅಮೆರಿಕದಲ್ಲಿ ಸೌಂಡ್‌ಅಬೌಟ್, ಬ್ರಿಟನ್ನಿನಲ್ಲಿ ಸ್ಟೋಅವೇ, ಸ್ವೀಡನ್ನಿನಲ್ಲಿ ಫ್ರೀಸ್ಟೈಲ್ ಅಂತ ಬೇರೆ ಬೇರೆ ಹೆಸರಿಟ್ಟರು. ಸ್ಥಳೀಯರಿಗೆ ಹೊಂದುವ ಹಾಗೆ ಮಾಡೋದು ಅಂದ್ರೆ ಇದೇ ತಾನೇ? ಆದರೆ ಪ್ರವಾಸಿಗರು ಜಪಾನಿನಿಂದ ವಾಕ್‌ಮನ್ ಕೊಂಡುಹೋಗಿ ಆ ಹೆಸರನ್ನೇ ಹಬ್ಬಿಸಿಬಿಟ್ಟರು. ಮೊರಿಟಾ ಎಲ್ಲ ಕಡೆ ವಾಕ್‌ಮನ್ ಅಂತಲೇ ಇರಲಿ ಅಂದರು. ಯಾವುದನ್ನು ಊರಿಗೆ ತಕ್ಕಂತೆ ಬದಲಿಸಬೇಕು, ಯಾವುದನ್ನು ಬದಲಿಸಬಾರದು ಅನ್ನೋದಕ್ಕೆ ಸೂತ್ರ ಇಲ್ಲ.

ಎಂಬತ್ತರ ದಶಕದ ಕೊನೆಗೆ ಮೊರಿಟಾ ಇದಕ್ಕೆ ಗ್ಲೋಬಲ್ ಲೋಕಲೈಸೇಶನ್ ಅಂತ ಹೆಸರಿಟ್ಟರು. 1989ರಲ್ಲಿ ಸೋನಿಯ ಬೋರ್ಡಿಗೆ ಒಬ್ಬ ಅಮೆರಿಕನ್ ಮತ್ತು ಒಬ್ಬ ಸ್ವಿಸ್ ಸದಸ್ಯ ಬಂದರು. ಅದೇ ವರ್ಷ ದೊಡ್ಡ ಎಡವಟ್ಟುಗಳೂ ನಡೆದವು. ರಾಜಕಾರಣಿ ಶಿಂಟಾರೊ ಇಶಿಹಾರ ಜೊತೆ ಸೇರಿ ಮೊರಿಟಾ ತಂದ ಜಪಾನಿ ಪುಸ್ತಕ, ಜಪಾನ್ ಇನ್ನು ಇಲ್ಲ ಅನ್ನಬಲ್ಲದು ಎಂಬ ಧಾಟಿಯದ್ದು, ಕದ್ದುಮುಚ್ಚಿ ಅನುವಾದವಾಗಿ ಅಮೆರಿಕ ತಲುಪಿ ಗದ್ದಲವಾಯಿತು. ಅಧಿಕೃತ ಇಂಗ್ಲಿಷ್ ಆವೃತ್ತಿಯಿಂದ ಅವರು ತಮ್ಮ ಭಾಗವನ್ನೇ ಹಿಂತೆಗೆದುಕೊಂಡರು. ಮೂವತ್ತು ವರ್ಷ ಎರಡು ದೇಶಗಳ ನಡುವೆ ಸೇತುವೆಯಾಗಿದ್ದ ಮನುಷ್ಯ, ಮನೆಯೊಳಗೆ ಒಂದು, ಹೊರಗೆ ಒಂದು ಮಾತಾಡಿ ಸಿಕ್ಕಿಬಿದ್ದರು ಅಂತಲೇ ಹೇಳಬೇಕು.

ಇನ್ನೊಂದು ಹಾಲಿವುಡ್. 340 ಕೋಟಿ ಡಾಲರ್ ಕೊಟ್ಟು ಸೋನಿ ಕೊಲಂಬಿಯಾ ಪಿಕ್ಚರ್ಸ್ ಕೊಂಡಿತು. ಸ್ಯಾನ್ ಡಿಯಾಗೋದಲ್ಲಿ ಪ್ರತಿ ಸ್ಕ್ರೂ ಬಗ್ಗೆ ತಲೆಕೆಡಿಸಿಕೊಂಡ ಕಂಪನಿ, ಇಲ್ಲಿ ಸಿನಿಮಾ ನಮಗೆ ಗೊತ್ತಿಲ್ಲದ್ದು ಅಂತ ಎಲ್ಲವನ್ನೂ ಸ್ಥಳೀಯರ ಕೈಗೆ ಬಿಟ್ಟು ದೂರ ನಿಂತಿತು. ಪೀಟರ್ ಗೂಬರ್ ಮತ್ತು ಜಾನ್ ಪೀಟರ್ಸ್ ಎಂಬ ನಿರ್ಮಾಪಕರ ಕಾಲದಲ್ಲಿ ಖರ್ಚಿಗೆ ಲಗಾಮೇ ಇರಲಿಲ್ಲ. 1994ರ ನವೆಂಬರ್‌ನಲ್ಲಿ ಸೋನಿ 270 ಕೋಟಿ ಡಾಲರ್ ಮೊತ್ತವನ್ನು ಲೆಕ್ಕದಿಂದ ಅಳಿಸಿಹಾಕಬೇಕಾಯಿತು.

ಆ ಸುದ್ದಿ ಹೊರಬಿದ್ದ ತಿಂಗಳಲ್ಲೇ ಮೊರಿಟಾ ಅಧ್ಯಕ್ಷ ಸ್ಥಾನ ಬಿಟ್ಟರು. ಆದರೆ ಅವರು ಕಂಪನಿಯಿಂದ ದೂರವಾಗಿ ಆಗಲೇ ಒಂದು ವರ್ಷವಾಗಿತ್ತು. 1993ರ ನವೆಂಬರ್ 30ರ ಬೆಳಿಗ್ಗೆ ಟೆನಿಸ್ ಆಡುತ್ತಿದ್ದಾಗ ಮೆದುಳಿನ ರಕ್ತಸ್ರಾವವಾಗಿ ಕುಸಿದಿದ್ದರು. ಆಮೇಲಿನ ವರ್ಷಗಳು ಹೆಚ್ಚಾಗಿ ಹವಾಯಿಯಲ್ಲಿ, ಗಾಲಿಕುರ್ಚಿಯಲ್ಲಿ ಕಳೆದವು. 1997ರಲ್ಲಿ ಇಬುಕಾ ತೀರಿಕೊಂಡರು. 1999ರ ಅಕ್ಟೋಬರ್ 3ರಂದು ಟೋಕಿಯೋದಲ್ಲಿ ನ್ಯುಮೋನಿಯಾದಿಂದ ಮೊರಿಟಾ ನಿಧನರಾದಾಗ ಅವರಿಗೆ 78 ವರ್ಷ.

2005ರಲ್ಲಿ ಸೋನಿಗೆ ಮೊದಲ ಬಾರಿ ಜಪಾನಿಯಲ್ಲದ ಮುಖ್ಯಸ್ಥ ಬಂದರು, ಹೋವರ್ಡ್ ಸ್ಟ್ರಿಂಗರ್. ಹುಟ್ಟಿದ್ದು ವೇಲ್ಸ್‌ನ ಕಾರ್ಡಿಫ್‌ನಲ್ಲಿ. ಪಿಕ್ಚರ್ ಟ್ಯೂಬ್‌ಗಳ ಕಾಲ ಮುಗಿದ ಮೇಲೆ ಬ್ರಿಡ್ಜೆಂಡ್ ಫ್ಯಾಕ್ಟರಿ ಮುಚ್ಚಿತು. ಅದರ ಹತ್ತಿರವೇ ಪೆನ್‌ಕೋಡ್ ಎಂಬಲ್ಲಿ ಸೋನಿ ಕಟ್ಟಿದ್ದ ಇನ್ನೊಂದು ಘಟಕ ಉಳಿದುಕೊಂಡಿದೆ. ಟಿವಿ ಸ್ಟುಡಿಯೋಗಳ ಕ್ಯಾಮೆರಾ ಮಾಡುತ್ತೆ. ಜೊತೆಗೆ ನಮ್ಮ ಪ್ರಾಜೆಕ್ಟ್ ಲ್ಯಾಬಿನ ಡ್ರಾಯರಿನಲ್ಲಿ ಇರೋ ರಾಸ್ಪ್‌ಬೆರಿ ಪೈ ಬೋರ್ಡುಗಳನ್ನೂ ಅಲ್ಲೇ ತಯಾರಿಸ್ತಾರೆ. ಮುಂದಿನ ಸಲ ಕೈಗೆತ್ತಿಕೊಂಡಾಗ ಬೋರ್ಡಿನ ಮೇಲೆ ಎಲ್ಲಿ ತಯಾರಾದದ್ದು ಅಂತ ಓದಿ ನೋಡಿ.